ಗಾಡಿಯ ಹೊಟ್ಟೆ, ದಾರಿಯ ದಿಣ್ಣೆ

ಎತ್ತಿನ ಗಾಡಿಗಳು ಓಡಾಡಿದ ಮಣ್ಣಿನ ದಾರಿಯನ್ನು ನೋಡಿದವರಿಗೆ ಅದರ ಆಕಾರ ಮರೆಯುವುದಿಲ್ಲ. ಎಡಕ್ಕೊಂದು ಬಲಕ್ಕೊಂದು ಚಕ್ರ ಕೊರೆದ ಜಾಡು, ನಡುವೆ ಹುಲ್ಲು ಬೆಳೆದ ದಿಣ್ಣೆ. ಒಂದೊಂದು ಮಳೆಗಾಲ ಕಳೆದಂತೆ ಜಾಡು ಇನ್ನಷ್ಟು ಆಳಕ್ಕಿಳಿಯುತ್ತದೆ, ದಿಣ್ಣೆ ಇದ್ದಲ್ಲೇ ಉಳಿಯುತ್ತದೆ. ಹುಲ್ಲಿನ ಹೊರೆ ಹೊತ್ತ ಗಾಡಿ ಆ ದಿಣ್ಣೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಸಾಗುತ್ತದೆ. ಹಬ್ಬಕ್ಕೆಂದು ಪೇಟೆಯಿಂದ ಬಂದ ನೆಂಟರ ಕಾರು ಅದೇ ದಾರಿಗಿಳಿದರೆ ಹತ್ತು ಮಾರು ಹೋಗುವಷ್ಟರಲ್ಲಿ ಅಡಿಯಿಂದ ಗರಗರ ಸದ್ದು ಕೇಳುತ್ತದೆ. ನೂರಾರು ಅಶ್ವಶಕ್ತಿಯ ಎಂಜಿನ್ ಇದ್ದರೂ ಕಾರು ನಿಲ್ಲುತ್ತದೆ; ಎರಡು ಎತ್ತಿನ ಗಾಡಿ ಮುಂದೆ ಹೋಗುತ್ತದೆ.

ಕಾರಣ ಚಕ್ರದಲ್ಲಿದೆ. ಎತ್ತಿನ ಗಾಡಿಯ ಹಳೆಯ ಮರದ ಚಕ್ರದ ವ್ಯಾಸ ನಾಲ್ಕರಿಂದ ಐದು ಅಡಿ. ಹಾಗಾಗಿ ಅದರ ಅಚ್ಚು ನೆಲದಿಂದ ಎರಡು, ಎರಡೂವರೆ ಅಡಿ ಮೇಲಿರುತ್ತದೆ. 60ರಿಂದ 75 ಸೆಂಟಿಮೀಟರ್ ಎನ್ನಿ. ಸಣ್ಣ ಕಾರಿನ ಟೈರಿನ ವ್ಯಾಸವೇ ಸುಮಾರು 60 ಸೆಂಟಿಮೀಟರ್. ಅದರ ನಡುಬಿಂದು ನೆಲದಿಂದ ಕೇವಲ 30 ಸೆಂಟಿಮೀಟರ್ ಎತ್ತರದಲ್ಲಿದೆ. ಎರಡು ಚಕ್ರಗಳ ನಡುಬಿಂದುಗಳನ್ನು ನೇರವಾಗಿ ಜೋಡಿಸುವ ಅಚ್ಚು ಆ ಎತ್ತರವನ್ನು ಮೀರುವಂತಿಲ್ಲ. ಅಚ್ಚಿನ ದಪ್ಪವನ್ನೂ ಅದಕ್ಕೆ ತೂಗುಬಿದ್ದ ಭಾಗಗಳನ್ನೂ ಕಳೆದ ಮೇಲೆ ಉಳಿಯುವ ಖಾಲಿ ಜಾಗವೇ ಗ್ರೌಂಡ್ ಕ್ಲಿಯರೆನ್ಸ್. ವಾಹನದ ಅತ್ಯಂತ ಕೆಳಗಿನ ಭಾಗಕ್ಕೂ ನೆಲಕ್ಕೂ ಇರುವ ಅಂತರ ಎಂದು ಅದನ್ನು ಸರಳವಾಗಿ ಹೇಳಬಹುದು.

ಜಾಹೀರಾತುಗಳಲ್ಲಿ ಇದು ಒಂದೇ ಅಂಕಿಯಾಗಿ ಬರುತ್ತದೆ: 165, 190, 210 ಮಿಲಿಮೀಟರ್. ದೊಡ್ಡ ಅಂಕಿ ಇದ್ದರೆ ಒಳ್ಳೆಯ ಗಾಡಿ ಎಂದುಕೊಳ್ಳುತ್ತೇವೆ. ಆದರೆ ನೆಲ ಸಪಾಟಾಗಿದ್ದರೆ ಮಾತ್ರ ಆ ಅಂಕಿ ಪೂರ್ತಿ ನಿಜ, ಮತ್ತು ಸಪಾಟು ನೆಲದಲ್ಲಿ ಅದರ ಅಗತ್ಯವೇ ಇಲ್ಲ. ನೆಲ ಏರಿ, ತಗ್ಗಿ, ಬಾಗಿದಾಗ ಗಾಡಿಯ ಹೊಟ್ಟೆಯ ಆಕಾರವೂ ದಾರಿಯ ಆಕಾರವೂ ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದೇ ಮುಖ್ಯವಾಗುತ್ತದೆ. ಈ ಅಧ್ಯಾಯ ಆ ಹೊಂದಾಣಿಕೆಯ ಕುರಿತು.

ಹೊಟ್ಟೆ ಕೂತರೆ ಏನಾಗುತ್ತದೆ?

ಅಡಿ ತಾಗಿದರೆ ಮೊದಲು ನೆನಪಾಗುವುದು ಆಯಿಲ್ ಚೇಂಬರ್. ಎಂಜಿನ್ನಿನ ತಳದಲ್ಲಿ ಎಣ್ಣೆ ಹಿಡಿದಿಟ್ಟುಕೊಳ್ಳುವ ಈ ತೊಟ್ಟಿಗೆ ಕಲ್ಲು ಬಡಿದು ಸೀಳಿದರೆ ಎಣ್ಣೆ ಸೋರಿಹೋಗುತ್ತದೆ; ಗಮನಿಸದೆ ಓಡಿಸಿದರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಹಿಡಿದುಕೊಳ್ಳಬಹುದು. ಇದು ಕಣ್ಣಿಗೆ ಕಾಣುವ ನಷ್ಟ. ಕಾಡುದಾರಿಯಲ್ಲಿ ಇದಕ್ಕಿಂತ ಹೆಚ್ಚಾಗಿ ಕಾಡುವ ತೊಂದರೆ ಇನ್ನೊಂದಿದೆ: ಯಾವ ಭಾಗವೂ ಮುರಿಯದೆ ಗಾಡಿ ಸುಮ್ಮನೆ ಕೂತುಬಿಡುವುದು.

ಟೈರು ನೆಲವನ್ನು ಹಿಡಿಯುವ ಬಲ ಎರಡನ್ನು ಅವಲಂಬಿಸಿದೆ. ಒಂದು, ರಬ್ಬರಿಗೂ ನೆಲಕ್ಕೂ ಇರುವ ಘರ್ಷಣೆ. ಇನ್ನೊಂದು, ಆ ಟೈರಿನ ಮೇಲೆ ಬಿದ್ದಿರುವ ಭಾರ. 1600 ಕಿಲೋ ತೂಗುವ ವಾಹನ ನಾಲ್ಕು ಚಕ್ರಗಳ ಮೇಲೆ ಸಮನಾಗಿ ನಿಂತಿದೆ ಎಂದುಕೊಳ್ಳೋಣ. ಒಂದೊಂದು ಚಕ್ರಕ್ಕೂ 400 ಕಿಲೋ. ಈಗ ಅದರ ಹೊಟ್ಟೆ ದಿಣ್ಣೆಯ ಮೇಲೆ ಏರಿ ಅರ್ಧ ಭಾರವನ್ನು ದಿಣ್ಣೆಯೇ ಹೊತ್ತಿತು ಎನ್ನಿ. ಚಕ್ರಗಳಿಗೆ ಉಳಿದದ್ದು ತಲಾ 200 ಕಿಲೋ, ಹಿಡಿತವೂ ಅರ್ಧ. ಸಾಲದ್ದಕ್ಕೆ ಮಣ್ಣಿಗೆ ಒತ್ತಿಕೊಂಡ ಹೊಟ್ಟೆ ಬ್ರೇಕಿನಂತೆ ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತದೆ. ತಳ್ಳುವ ಬಲ ಇಳಿಯಿತು, ತಡೆಯುವ ಬಲ ಏರಿತು. ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಇದ್ದಲ್ಲೇ ಸುತ್ತಿ ಮಣ್ಣು ಕೊರೆಯುತ್ತದೆ; ಕೊರೆದಷ್ಟೂ ಚಕ್ರ ಕೆಳಗಿಳಿದು ಹೊಟ್ಟೆಯ ಮೇಲೆ ಇನ್ನಷ್ಟು ಭಾರ ಬೀಳುತ್ತದೆ. ಫೋರ್ ವೀಲ್ ಡ್ರೈವ್ ಇದ್ದರೂ ನಾಲ್ಕು ಚಕ್ರಗಳು ಸುತ್ತುತ್ತವೆಯೇ ಹೊರತು ಗಾಡಿ ಕದಲುವುದಿಲ್ಲ. ಹೀಗಾಗಿ ದಾರಿಯಿಲ್ಲದ ದಾರಿಯಲ್ಲಿ ಗ್ರೌಂಡ್ ಕ್ಲಿಯರೆನ್ಸ್‌ಗೆ ಮೊದಲ ಸ್ಥಾನ. ಎಂಜಿನ್ನಿನ ಶಕ್ತಿ ನೆಲಕ್ಕೆ ತಲುಪಬೇಕಾದರೆ ಗಾಡಿಯ ಭಾರವೆಲ್ಲ ಚಕ್ರಗಳ ಮೇಲೇ ಇರಬೇಕು.

ಒಂದು ಅಂಕಿ, ಹಲವು ಅಳತೆ

ಈ ಅಂತರವನ್ನು ಅಳೆಯುವುದು ಹೇಗೆ? ಐಎಸ್ಒ 612 ಎಂಬ ಅಂತರರಾಷ್ಟ್ರೀಯ ಮಾನದಂಡ ವಾಹನದ ನಡುಭಾಗವನ್ನಷ್ಟೇ ಪರಿಗಣಿಸುತ್ತದೆ. ಎಡ ಬಲ ಚಕ್ರಗಳ ಒಳಅಂಚುಗಳ ನಡುವಿನ ಅಗಲದಲ್ಲಿ ಮಧ್ಯದ ಶೇ. 80ರಷ್ಟು ಭಾಗದಲ್ಲಿ ಅತಿ ಕೆಳಗಿರುವ ಬಿಂದು ಯಾವುದೋ ಅದೇ ಲೆಕ್ಕಕ್ಕೆ. ಚಕ್ರಕ್ಕೆ ಅಂಟಿಕೊಂಡಂತಿರುವ ಭಾಗಗಳು ಇದರಿಂದ ಹೊರಗುಳಿಯುತ್ತವೆ.

ಆಮೇಲೆ ಬರುವ ಪ್ರಶ್ನೆ: ಖಾಲಿ ಗಾಡಿಯೋ, ತುಂಬಿದ ಗಾಡಿಯೋ? ಐದು ಜನ ಕೂತು ಡಿಕ್ಕಿಯಲ್ಲಿ ಸಾಮಾನು ತುಂಬಿದರೆ ಸ್ಪ್ರಿಂಗುಗಳು ಕುಗ್ಗಿ ಕಾರು ಕೆಲವು ಸೆಂಟಿಮೀಟರ್ ಕೆಳಗಿಳಿಯುತ್ತದೆ. ನಮ್ಮ ದೇಶದಲ್ಲಿ ಈ ಪ್ರಶ್ನೆ ತೆರಿಗೆಯ ತನಕ ಹೋಯಿತು. 2023ರ ಜುಲೈ 11ರಂದು ನಡೆದ ಜಿಎಸ್‌ಟಿ ಮಂಡಳಿಯ 50ನೇ ಸಭೆ ಯಾವ ಯುಟಿಲಿಟಿ ವಾಹನಗಳ ಮೇಲೆ ಹೆಚ್ಚಿನ ಸೆಸ್ ಬೀಳಬೇಕೆಂದು ತೀರ್ಮಾನಿಸುವಾಗ ಮೂರು ಅಳತೆಗಳನ್ನು ಇಟ್ಟುಕೊಂಡಿತು: 4 ಮೀಟರ್ ಮೀರಿದ ಉದ್ದ, 1500 ಸಿಸಿ ಮೀರಿದ ಎಂಜಿನ್, 170 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿನ ಗ್ರೌಂಡ್ ಕ್ಲಿಯರೆನ್ಸ್. ಕ್ಲಿಯರೆನ್ಸ್ ಎಂದರೆ ಭಾರ ಹೇರದ ಗಾಡಿಯದು ಎಂದೂ ಆಗಲೇ ಸ್ಪಷ್ಟಪಡಿಸಿತು. ತೆರಿಗೆಗೆ ಖಾಲಿ ಗಾಡಿಯ ಅಳತೆ ಸಾಕು. ಘಟ್ಟದ ದಾರಿಗೆ ಹೊರಟವರಿಗೆ ಬೇಕಿರುವುದು ಜನರೂ ಸಾಮಾನೂ ತುಂಬಿದ ಗಾಡಿಯ ಅಳತೆ.

ರಸ್ತೆಯುಬ್ಬು ಕಲಿಸುವ ಗಣಿತ

ಕಾಡಿಗೆ ಹೋಗುವ ಮೊದಲು ನಮ್ಮೂರ ರಸ್ತೆಯುಬ್ಬಿನ ಮುಂದೆ ಒಂದು ಕ್ಷಣ ನಿಲ್ಲೋಣ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಪ್ರಕಾರ ರಸ್ತೆಯುಬ್ಬು 17 ಮೀಟರ್ ತ್ರಿಜ್ಯದ ವೃತ್ತದ ಒಂದು ಸಣ್ಣ ತುಂಡಿನಂತಿರಬೇಕು: 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 2.5 ಮೀಟರ್ ಅಂತರವಿರುವ ಕಾರು ಇದರ ಮೇಲೆ ಹಾಯುತ್ತಿದೆ ಎನ್ನಿ. ಈ ಅಂತರಕ್ಕೆ ವೀಲ್‌ಬೇಸ್ ಎಂದು ಹೆಸರು. ಕಾರಿನ ನಡು ಉಬ್ಬಿನ ನೆತ್ತಿಗೆ ಬಂದಾಗ ಮುಂದಿನ ಹಿಂದಿನ ಚಕ್ರಗಳೆರಡೂ ಉಬ್ಬಿನ ಮೇಲೇ ಇರುತ್ತವೆ. ಕಾರೂ ಉಬ್ಬಿನ ಜೊತೆಗೇ ಏರಿರುವುದರಿಂದ ನೆತ್ತಿ ಕಾರಿನ ಹೊಟ್ಟೆಯ ಕಡೆಗೆ ಚಾಚುವುದು ಬರೀ 4.6 ಸೆಂಟಿಮೀಟರ್. 16 ಸೆಂಟಿಮೀಟರ್ ಕ್ಲಿಯರೆನ್ಸಿನ ಕಾರು ತುಂಬಿದ್ದರೂ ಸಲೀಸಾಗಿ ದಾಟುತ್ತದೆ.

ಇನ್ನು ರಾತ್ರೋರಾತ್ರಿ ಹಾಕಿದ ಒಂದು ಉಬ್ಬನ್ನು ಊಹಿಸಿಕೊಳ್ಳಿ: ಒಂದು ಮೀಟರ್ ಅಗಲ, 20 ಸೆಂಟಿಮೀಟರ್ ಎತ್ತರ. ಮುಂದಿನ ಚಕ್ರಗಳು ಇಳಿದು ಹಿಂದಿನವು ಇನ್ನೂ ಏರದಿರುವ ಹೊತ್ತಿನಲ್ಲಿ ಆ 20 ಸೆಂಟಿಮೀಟರೂ ಪೂರ್ತಿಯಾಗಿ ಹೊಟ್ಟೆಯ ಕೆಳಗಿರುತ್ತದೆ. ಅದೇ ಕಾರು ಇಲ್ಲಿ ತಾಗದೆ ಹೋಗುವಂತಿಲ್ಲ. ಕುಟುಂಬದವರೆಲ್ಲ ಕೂತಿದ್ದ ನಮ್ಮ ಕಾರು ಇಂಥ ಒಂದು ಉಬ್ಬಿನ ಮೇಲೆ ಉಜ್ಜಿದಾಗ ನಾನು ಎಲ್ಲರನ್ನೂ ಇಳಿಸಿ, ಖಾಲಿ ಕಾರನ್ನು ಓರೆಯಾಗಿ ದಾಟಿಸಬೇಕಾಯಿತು. ಓರೆಯಾಗಿ ಹೋದರೆ ಚಕ್ರಗಳು ಒಂದೊಂದಾಗಿ ಉಬ್ಬನ್ನು ಹತ್ತುತ್ತವೆ. ಯಾವುದಾದರೂ ಒಂದು ಚಕ್ರ ಮೇಲಿದ್ದು ಹೊಟ್ಟೆಯನ್ನು ಎತ್ತಿ ಹಿಡಿದಿರುತ್ತದೆ.

ಇದರಿಂದ ಒಂದು ಸರಳ ಸೂತ್ರ ಸಿಗುತ್ತದೆ. ವೀಲ್‌ಬೇಸನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ದಿಬ್ಬದ ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿ. ಆ ದಿಬ್ಬ ದಾಟಲು ಹೊಟ್ಟೆಯ ನಡುವೆ ಬೇಕಾದ ಎತ್ತರ ಹೆಚ್ಚುಕಡಿಮೆ ಅಷ್ಟೇ. ವೀಲ್‌ಬೇಸ್ ಇಲ್ಲಿ ವರ್ಗವಾಗಿ ಬರುವುದನ್ನು ಗಮನಿಸಿ. ಗಾಡಿಯ ಉದ್ದ ಸ್ವಲ್ಪ ಹೆಚ್ಚಿದರೂ ಬೇಕಾಗುವ ಎತ್ತರ ಜಾಸ್ತಿಯೇ ಏರುತ್ತದೆ.

ಸುಜುಕಿ ಜಿಮ್ನಿ ಇದಕ್ಕೆ ಒಳ್ಳೆಯ ಉದಾಹರಣೆ. ಹೊರದೇಶಗಳಲ್ಲಿ ಸಿಗುವ ಮೂರು ಬಾಗಿಲಿನ ಜಿಮ್ನಿಯ ವೀಲ್‌ಬೇಸ್ 2250 ಮಿ.ಮೀ.; ನಮ್ಮಲ್ಲಿ ಮಾರುತಿ ತಂದ ಐದು ಬಾಗಿಲಿನದು 2590 ಮಿ.ಮೀ. ಎರಡರ ಗ್ರೌಂಡ್ ಕ್ಲಿಯರೆನ್ಸೂ 210 ಮಿ.ಮೀ. ಅಂಕಿ ಒಂದೇ ಆದರೂ ದಿಬ್ಬದ ಮೇಲೆ ಇವೆರಡೂ ಒಂದೇ ಅಲ್ಲ. ಹೊಟ್ಟೆಯ ನಡುವೆಯೂ 210 ಮಿ.ಮೀ. ಇದೆ ಎಂದು ಹಿಡಿದು ಲೆಕ್ಕ ಹಾಕಿದರೆ ಗಿಡ್ಡ ಜಿಮ್ನಿ 3 ಮೀಟರ್ ತ್ರಿಜ್ಯದ ದಿಬ್ಬವನ್ನು ತಾಗದೆ ದಾಟಬಲ್ಲದು. ಉದ್ದನೆಯದಕ್ಕೆ 4 ಮೀಟರ್ ತ್ರಿಜ್ಯದ, ಅಂದರೆ ಇನ್ನೂ ಮೆಲ್ಲಗೆ ಬಾಗಿದ ದಿಬ್ಬವೇ ಬೇಕು.

ಮೂರು ಕೋನಗಳು

ದಿಬ್ಬದ ನೆತ್ತಿಯಲ್ಲಿ ಹೊಟ್ಟೆಗೆ ಸಿಗುವ ಈ ಅವಕಾಶವನ್ನು ತಜ್ಞರು ಬ್ರೇಕ್‌ಓವರ್ ಕೋನವಾಗಿ ಹೇಳುತ್ತಾರೆ. ಗಿಡ್ಡ ಜಿಮ್ನಿಗೆ ಅದು 28 ಡಿಗ್ರಿ, ಉದ್ದನೆಯದಕ್ಕೆ 24. ಇದರ ಜೊತೆ ಇನ್ನೆರಡು ಕೋನಗಳಿವೆ. ಮುಂದಿನ ಟೈರು ನೆಲ ಮುಟ್ಟುವ ಜಾಗದಿಂದ ಮುಂದಿನ ಬಂಪರಿನ ಕೆಳಅಂಚಿಗೆ ಎಳೆದ ಗೆರೆ ನೆಲದೊಡನೆ ಮಾಡುವ ಕೋನಕ್ಕೆ ಅಪ್ರೋಚ್ ಕೋನ ಎನ್ನುತ್ತಾರೆ. ಹಿಂಬದಿಯಲ್ಲಿ ಇದೇ ಲೆಕ್ಕ ಡಿಪಾರ್ಚರ್ ಕೋನವಾಗುತ್ತದೆ. ಮೊದಲನೆಯದು ಏರನ್ನು ಹತ್ತತೊಡಗುವಾಗ ಮೂತಿಯನ್ನು ಕಾಯುತ್ತದೆ, ಎರಡನೆಯದು ಹಳ್ಳದಿಂದ ಮೇಲೆ ಬರುವಾಗ ಬಾಲವನ್ನು.

ಬಂಪರ್ ನೆಲದಿಂದ 25 ಸೆಂಟಿಮೀಟರ್ ಮೇಲಿದ್ದು, ಟೈರು ನೆಲ ಮುಟ್ಟುವ ಜಾಗದಿಂದ 50 ಸೆಂಟಿಮೀಟರ್ ಮುಂದಕ್ಕೆ ಚಾಚಿದ್ದರೆ ಅಪ್ರೋಚ್ ಕೋನ ಸುಮಾರು 27 ಡಿಗ್ರಿ. ಎತ್ತರ ಅಷ್ಟೇ ಇಟ್ಟು ಚಾಚನ್ನು 30 ಸೆಂಟಿಮೀಟರಿಗೆ ಇಳಿಸಿದರೆ ಕೋನ 40 ಡಿಗ್ರಿಗೆ ಏರುತ್ತದೆ. ಗಾಡಿಯನ್ನು ಒಂದು ಕೂದಲೆಳೆಯಷ್ಟೂ ಎತ್ತದೆ ಅದರ ಸಾಮರ್ಥ್ಯ ಬೆಳೆಯಿತು.

ಎರಡನೇ ಮಹಾಯುದ್ಧದ ಕಾಲದ ವಿಲ್ಲೀಸ್ ಜೀಪು ಈ ಮಾತನ್ನು ಚೆನ್ನಾಗಿ ಅರಿತಿತ್ತು. 1941ರಲ್ಲಿ ತಯಾರಿಕೆ ಶುರುವಾದ ಆ ಜೀಪಿನ ಚಕ್ರಗಳು ನಾಲ್ಕು ಮೂಲೆಗಳಿಗೆ ಸರಿದಿವೆ; ಮೂತಿಯೂ ಇಲ್ಲ, ಬಾಲವೂ ಇಲ್ಲ ಎನ್ನಬಹುದು. ಅದರ ಅಪ್ರೋಚ್ ಕೋನ 45 ಡಿಗ್ರಿ, ಡಿಪಾರ್ಚರ್ ಕೋನ 35 ಡಿಗ್ರಿ. ಗ್ರೌಂಡ್ ಕ್ಲಿಯರೆನ್ಸ್ ಎಂಟೂಮುಕ್ಕಾಲು ಅಂಗುಲ, ಅಂದರೆ 222 ಮಿ.ಮೀ. ಇಂದಿನ ಎಷ್ಟೋ ವಾಹನಗಳಿಗೂ ಅಷ್ಟಿದೆ. ಆದರೆ ಅದರ ವೀಲ್‌ಬೇಸ್ 2032 ಮಿ.ಮೀ. ಮಾತ್ರ. ನಮ್ಮ ಸೂತ್ರಕ್ಕೆ ಹಾಕಿದರೆ 2.3 ಮೀಟರ್ ತ್ರಿಜ್ಯದ ಕಡಿದಾದ ದಿಬ್ಬವನ್ನೂ ಅದು ದಾಟುತ್ತದೆ. ಮಹೀಂದ್ರಾ 1947ರಿಂದ ಭಾರತದಲ್ಲಿ ಜೋಡಿಸತೊಡಗಿದ್ದು ಇದೇ ವಂಶದ ಜೀಪುಗಳನ್ನು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಒಳದಾರಿಗಳಲ್ಲಿ ಅವು ನೆಲೆಯೂರಿಬಿಟ್ಟದ್ದಕ್ಕೆ ಎಂಜಿನ್ನಿಗಿಂತ ಈ ಆಕಾರವೇ ದೊಡ್ಡ ಕಾರಣ ಎಂದು ನನ್ನ ನಂಬಿಕೆ.

ಕಲ್ಲಿನ ಮೇಲೆ ಚಕ್ರ

ಹೊಸನಗರ ತಾಲ್ಲೂಕಿನ ಕೊಡಚಾದ್ರಿ 1343 ಮೀಟರ್ ಎತ್ತರದ ಬೆಟ್ಟ. ಕೊಲ್ಲೂರಿನಿಂದ ಬಾಡಿಗೆ ಜೀಪುಗಳು ಯಾತ್ರಿಕರನ್ನು ಮೇಲಕ್ಕೆ ಕರೆದೊಯ್ಯುತ್ತವೆ. ಕೊನೆಯ ಭಾಗದ ದಾರಿಯಲ್ಲಿ ಮಣ್ಣು ತೊಳೆದುಹೋಗಿ ಬಂಡೆಗಳು ಎದ್ದು ನಿಂತಿವೆ. ಮೊದಲ ಸಲ ಕೂತವರು ಬೆರಗಾಗುವ ಸಂಗತಿಯೊಂದಿದೆ. ದೊಡ್ಡ ಕಲ್ಲು ಎದುರಾದಾಗ ಚಾಲಕ ಅದನ್ನು ಎರಡು ಚಕ್ರಗಳ ನಡುವೆ ಬಿಟ್ಟು ಪಾರಾಗಲು ನೋಡುವುದಿಲ್ಲ. ಬೇಕೆಂದೇ ಚಕ್ರವನ್ನು ಅದರ ಮೇಲೆ ಹತ್ತಿಸುತ್ತಾನೆ. ಜೀಪು ಓಲಾಡುತ್ತದೆ, ಒಳಗಿದ್ದವರು ಕಂಬಿ ಹಿಡಿದುಕೊಳ್ಳುತ್ತಾರೆ, ಆದರೆ ತಳ ತಾಗುವುದಿಲ್ಲ.

ಇದರ ಹಿಂದಿನ ವಿಜ್ಞಾನ ಸೊಗಸಾದದ್ದು. ಹಳೆಯ ಜೀಪುಗಳಲ್ಲಿ ಎಡ ಬಲ ಚಕ್ರಗಳನ್ನು ಒಂದೇ ಗಟ್ಟಿ ಅಚ್ಚು ಜೋಡಿಸುತ್ತದೆ. ಅದರಲ್ಲಿ ಕುಂಬಳಕಾಯಿಯಂತೆ ಉಬ್ಬಿಕೊಂಡಿರುವುದು ಡಿಫರೆನ್ಷಿಯಲ್. ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಅನುವು ಮಾಡುವ ಗಿಯರುಗಳು ಅದರೊಳಗಿವೆ. ಗಾಡಿಯ ಅತಿ ಕೆಳಗಿನ ಬಿಂದು ಸಾಮಾನ್ಯವಾಗಿ ಇದೇ. ಡಿಫರೆನ್ಷಿಯಲ್ ನೆಲದಿಂದ 210 ಮಿ.ಮೀ. ಮೇಲಿದ್ದು, ಅದರ ಕೆಳಗೆ 200 ಮಿ.ಮೀ. ಎತ್ತರದ ಕಲ್ಲನ್ನು ಹಾಯಿಸಿದರೆ ಉಳಿಯುವುದು ಬೆರಳ ಅಗಲಕ್ಕೂ ಕಡಿಮೆ ಜಾಗ. ಬದಲಿಗೆ ಒಂದು ಚಕ್ರವನ್ನೇ ಆ ಕಲ್ಲಿನ ಮೇಲೆ ಹತ್ತಿಸಿದರೆ ಅಚ್ಚಿನ ಒಂದು ತುದಿ 200 ಮಿ.ಮೀ. ಏರುತ್ತದೆ, ಅದರ ನಡು 100 ಮಿ.ಮೀ. ಏರುತ್ತದೆ. ಈಗ ನಡುವಿನ ಅಂತರ 310 ಮಿ.ಮೀ. ಅಡ್ಡಿಯಾಗಬೇಕಿದ್ದ ಕಲ್ಲೇ ಗಾಡಿಯನ್ನು ಎತ್ತಿ ದಾಟಿಸುತ್ತದೆ.

ಗಟ್ಟಿ ಅಚ್ಚಿಗೆ ಇನ್ನೊಂದು ಗುಣವಿದೆ. ಜೀಪಿನಲ್ಲಿ ಹತ್ತು ಜನ ತುಂಬಿದರೂ ಸ್ಪ್ರಿಂಗ್ ಕುಗ್ಗಿ ಇಳಿಯುವುದು ಮೇಲಿನ ದೇಹ ಮಾತ್ರ; ಡಿಫರೆನ್ಷಿಯಲ್ ಟೈರುಗಳ ಮೇಲೆಯೇ ನಿಂತಿರುವುದರಿಂದ ಅದರ ಎತ್ತರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಒಂದೊಂದು ಚಕ್ರಕ್ಕೂ ಪ್ರತ್ಯೇಕ ಸಸ್ಪೆನ್ಷನ್ ಇರುವ ಕಾರುಗಳಲ್ಲಿ ತಳದ ಭಾಗಗಳು ದೇಹಕ್ಕೇ ಅಂಟಿಕೊಂಡಿರುತ್ತವೆ. ಖಾಲಿ ನಿಂತಾಗ ಅವು ಎತ್ತರದಲ್ಲಿ ಕಾಣುತ್ತವೆ. ಭಾರ ಹೇರಿದಾಗ, ಗುಂಡಿಗೆ ಧಡಕ್ಕನೆ ಇಳಿದಾಗ, ಜೋರಾಗಿ ಬ್ರೇಕ್ ಹಾಕಿ ಮೂತಿ ತಗ್ಗಿದಾಗ ಆ ಎತ್ತರ ಕರಗುತ್ತದೆ. ಇಂಥ ಕಾರು ಹೆದ್ದಾರಿಯಲ್ಲಿ ಹಾಯಾಗಿರುತ್ತದೆ. ಕಲ್ಲುದಾರಿಯಲ್ಲಿ ಅದನ್ನು ನಡಿಗೆಯ ವೇಗದಲ್ಲೇ ಓಡಿಸಬೇಕು.

ಎತ್ತರಿಸುವುದರ ಬೆಲೆ

ಹಾಗಾದರೆ ಗಾಡಿಯನ್ನು ಎತ್ತರಿಸಿಬಿಟ್ಟರಾಯಿತಲ್ಲ? ಹಲವರು ಉದ್ದನೆಯ ಸ್ಪ್ರಿಂಗ್ ಹಾಕಿಸುತ್ತಾರೆ. ಇದರಿಂದ ದೇಹ ಮೇಲೇರುತ್ತದೆ, ಮೂರೂ ಕೋನಗಳು ಸುಧಾರಿಸುತ್ತವೆ. ಗಟ್ಟಿ ಅಚ್ಚಿನ ಗಾಡಿಯಲ್ಲಿ ಡಿಫರೆನ್ಷಿಯಲ್ ಮಾತ್ರ ಕೂತಲ್ಲೇ ಕೂತಿರುತ್ತದೆ. ಅದನ್ನು ಎತ್ತಲು ಇರುವ ಸುಲಭದ ದಾರಿ ದೊಡ್ಡ ಟೈರು. ಅಲ್ಲಿಯೂ ವ್ಯಾಸದಲ್ಲಿ ಗಳಿಸಿದ್ದರ ಅರ್ಧ ಮಾತ್ರ ಎತ್ತರವಾಗಿ ಕೈಗೆ ಬರುತ್ತದೆ. ಜಿಮ್ನಿಯ 195/80 ಆರ್15 ಟೈರಿನ ವ್ಯಾಸ 693 ಮಿ.ಮೀ.; ಅದರ ಬದಲು 215/75 ಆರ್15 ಹಾಕಿದರೆ 703 ಮಿ.ಮೀ. ಆಗುತ್ತದೆ. ನಾಲ್ಕು ಹೊಸ ಟೈರುಗಳಿಂದ ಗಳಿಸಿದ ಎತ್ತರ ಬರೀ 5 ಮಿ.ಮೀ. ಟೈರು ಅಗಲವಾದದ್ದರಿಂದ ಬೇರೆ ಲಾಭ ಇರಬಹುದು, ಎತ್ತರಕ್ಕಾಗಿ ಮಾತ್ರ ಈ ಖರ್ಚು ದಂಡ.

ದೇಹವನ್ನು ಎತ್ತಿದರೆ ಗುರುತ್ವ ಕೇಂದ್ರವೂ ಏರುತ್ತದೆ. ಎಡ ಬಲ ಚಕ್ರಗಳ ನಡುವಿನ ಅಂತರ 1400 ಮಿ.ಮೀ., ಗುರುತ್ವ ಕೇಂದ್ರ ನೆಲದಿಂದ 600 ಮಿ.ಮೀ. ಎತ್ತರದಲ್ಲಿದ್ದರೆ, ಲೆಕ್ಕದ ಪ್ರಕಾರ ನಿಂತ ಗಾಡಿ ಪಕ್ಕಕ್ಕೆ ಸುಮಾರು 49 ಡಿಗ್ರಿ ವಾಲುವ ತನಕ ಉರುಳುವುದಿಲ್ಲ. ಗುರುತ್ವ ಕೇಂದ್ರ 100 ಮಿ.ಮೀ. ಏರಿದರೆ ಆ ಮಿತಿ 45 ಡಿಗ್ರಿಗೆ ಇಳಿಯುತ್ತದೆ. ಸ್ಪ್ರಿಂಗಿನ ಕುಲುಕಾಟ, ತಿರುವಿನ ವೇಗ, ಚಾವಣಿಯ ಮೇಲಿನ ಸಾಮಾನು ಇವೆಲ್ಲ ಸೇರಿದಾಗ ನಿಜವಾದ ಮಿತಿ ಇದಕ್ಕಿಂತ ಬಹಳ ಕೆಳಗೆ. ಕಲ್ಲಿಗೆ ತಾಗದಿರಲೆಂದು ಎತ್ತರಿಸಿದ ಗಾಡಿ ಹೆದ್ದಾರಿಯ ತಿರುವಿನಲ್ಲಿ ಮಗುಚಿದರೆ ಆ ಗಳಿಕೆಗೆ ಅರ್ಥವಿಲ್ಲ.

ಎಂಜಿನಿಯರುಗಳು ಈ ಇಕ್ಕಟ್ಟಿಗೆ ಒಂದು ಜಾಣ ಉತ್ತರ ಹುಡುಕಿದ್ದಾರೆ. ಅಚ್ಚನ್ನು ಚಕ್ರದ ನಡುಬಿಂದುವಿಗೆ ಜೋಡಿಸದೆ ಅದಕ್ಕಿಂತ ಮೇಲೆ ಇಟ್ಟು, ಚಕ್ರದ ಬಳಿ ಗಿಯರುಗಳ ಮೂಲಕ ಶಕ್ತಿಯನ್ನು ಕೆಳಗಿಳಿಸುವುದು. ಇದಕ್ಕೆ ಪೋರ್ಟಲ್ ಆಕ್ಸಲ್ ಎಂದು ಹೆಸರು. ಎರಡನೇ ಮಹಾಯುದ್ಧ ಮುಗಿದೊಡನೆ ಜರ್ಮನಿಯಲ್ಲಿ ರೈತರಿಗಾಗಿ ರೂಪುಗೊಂಡ ಯೂನಿಮಾಗ್ ಇದರಿಂದಲೇ ಹೆಸರಾಯಿತು. ಅದರ ಎಡ ಬಲ ಚಕ್ರಗಳ ಅಂತರ 1270 ಮಿ.ಮೀ.; ಆಲೂಗಡ್ಡೆಯ ಎರಡು ಸಾಲುಗಳ ಅಗಲಕ್ಕೆ ಸರಿಹೊಂದಿಸಿದ ಅಳತೆ ಅದು. ಸಾಲಿನ ಏರಿಗೂ ಗಿಡಕ್ಕೂ ತಾಗದೆ ಹೊಲದಲ್ಲಿ ಓಡಾಡುವ ಅಗತ್ಯ ಆ ವಾಹನದ ರೂಪವನ್ನು ತಿದ್ದಿತು. ಅಮೆರಿಕದ ಸೈನ್ಯದ ಹಮ್ವೀ ಕೂಡ ಚಕ್ರದ ಬಳಿಯ ಗಿಯರುಗಳ ಬಲದಿಂದಲೇ 16 ಅಂಗುಲ, ಅಂದರೆ 406 ಮಿ.ಮೀ. ಕ್ಲಿಯರೆನ್ಸ್ ಪಡೆದಿದೆ. ಅಚ್ಚು ಚಕ್ರದ ನಡುಬಿಂದುವನ್ನು ಮೀರುವಂತಿಲ್ಲ ಎಂದು ಈ ಅಧ್ಯಾಯದ ಆರಂಭದಲ್ಲಿ ಹೇಳಿದ ಮಿತಿಯನ್ನು ಮುರಿದ ಗಾಡಿಗಳಿವು.

ಜಾಡು ಯಾರು ಮಾಡಿದ್ದು?

ಕೆಸರಿನಲ್ಲಿ ಲೆಕ್ಕ ಮತ್ತೆ ಬದಲಾಗುತ್ತದೆ. ಚಕ್ರ 10 ಸೆಂಟಿಮೀಟರ್ ಹೂತರೆ 21 ಸೆಂಟಿಮೀಟರಿನ ಕ್ಲಿಯರೆನ್ಸ್ 11ಕ್ಕೆ ಇಳಿಯುತ್ತದೆ. ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಗಾಡಿಯೂ ತುಸು ತಗ್ಗುತ್ತದೆ, ನಿಜ. ಆದರೆ ಟೈರು ಹರಡಿಕೊಂಡು ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುವುದರಿಂದ ಚಕ್ರ ಹೂಳುವುದು ಕಡಿಮೆಯಾಗುತ್ತದೆ. ಮೆತ್ತನೆಯ ನೆಲದಲ್ಲಿ ಕೊಟ್ಟದ್ದಕ್ಕಿಂತ ಪಡೆದದ್ದೇ ಹೆಚ್ಚು.

ಹೂತ ಚಕ್ರ ಬಿಟ್ಟುಹೋಗುವ ಜಾಡಿನ ಬಗ್ಗೆಯೂ ಯೋಚಿಸಬೇಕು. ಒಂದು ಜೀಪು ಹಸಿ ನೆಲದಲ್ಲಿ ಹಾದುಹೋದಾಗ ಎರಡು ಸಾಲು ಮಣ್ಣು ಒತ್ತಿ ಗಟ್ಟಿಯಾಗುತ್ತದೆ. ಅಲ್ಲಿ ನೀರು ಇಂಗುವುದಿಲ್ಲ, ಹರಿಯುತ್ತದೆ. ಹರಿದ ನೀರು ಮಣ್ಣನ್ನು ಕೊರೆಯುತ್ತದೆ. ಹಿಂದೆ ಬಂದವರಿಗೆ ದಿಣ್ಣೆ ಇನ್ನೂ ಎತ್ತರವಾಗಿ ಎದುರಾಗುತ್ತದೆ. ಅವರು ಹೊಟ್ಟೆ ತಾಗದಿರಲೆಂದು ಪಕ್ಕದ ಹುಲ್ಲಿನ ಮೇಲೆ ಹೊಸ ಜಾಡು ತೆಗೆಯುತ್ತಾರೆ. ಪಶ್ಚಿಮ ಘಟ್ಟದ ನೆತ್ತಿಯ ಹುಲ್ಲುಗಾವಲಿನಲ್ಲಿ ಹೀಗೆ ಒಂದು ದಾರಿ ನಾಲ್ಕಾಗುವುದು ಕಂಡರೆ ಸಂಕಟವಾಗುತ್ತದೆ. ನಮ್ಮ ನದಿಗಳ ನೀರು ಇಳಿದುಬರುವುದು ಅಲ್ಲಿಂದಲೇ. ನಮ್ಮ ಗಾಡಿಗೆ ಎತ್ತರವಿದೆ ಎಂದ ಮಾತ್ರಕ್ಕೆ ದಾರಿಯಿಲ್ಲದಲ್ಲಿ ನುಗ್ಗುವ ಹಕ್ಕು ಬರುವುದಿಲ್ಲ. ಇರುವ ಜಾಡಿನಲ್ಲೇ ಹೋಗಬೇಕು. ಆಗದಿದ್ದರೆ ನಿಂತು ನಡೆಯಬೇಕು.

ನಿಮ್ಮ ಗಾಡಿಯ ಹೊಟ್ಟೆಯ ಪರಿಚಯ ನಿಮಗಿದೆಯೇ? ಸಪಾಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ. ಪಕ್ಕದಲ್ಲಿ ಚಾಪೆ ಹಾಸಿ ಮಲಗಿ ಟಾರ್ಚ್ ಬಿಟ್ಟು ನೋಡಿ. ಅತಿ ಕೆಳಗಿರುವುದು ಚೇಂಬರೋ, ಸೈಲೆನ್ಸರ್ ಕೊಳವೆಯೋ, ಡಿಫರೆನ್ಷಿಯಲ್ಲೋ? ಅದು ನಡುವಿನಲ್ಲಿದೆಯೋ, ಒಂದು ಬದಿಗೋ? ಉದ್ದನೆಯ ಸ್ಕೇಲು ಚಾಚಿ ಅಳೆಯಿರಿ. ಮನೆಯವರನ್ನೆಲ್ಲ ಒಳಗೆ ಕೂರಿಸಿ, ಕೈ ಮಾತ್ರ ಚಾಚಿ ಇನ್ನೊಮ್ಮೆ ಅಳೆಯಿರಿ. ಈ ಎರಡು ಅಂಕಿಗಳು, ಗಾಡಿಯ ಪುಸ್ತಕದಲ್ಲಿರುವ ವೀಲ್‌ಬೇಸ್, ನಮ್ಮ ಸೂತ್ರ ಇಷ್ಟಿದ್ದರೆ ಮುಂದಿನ ದಿಬ್ಬ ಕಂಡಾಗ ಎದೆ ಹೊಡೆದುಕೊಳ್ಳುವುದು ಕಡಿಮೆಯಾಗುತ್ತದೆ.

ನಮ್ಮವರು ಓಡಿಸಿದ ಗಾಡಿಗಳಲ್ಲಿ ಅತ್ಯಂತ ದೂರದ ದಾರಿ ಕಂಡದ್ದು ಚಂದ್ರಯಾನ–3ರ ಪ್ರಗ್ಯಾನ್. 26 ಕಿಲೋ ತೂಕದ ಆ ರೋವರಿನ ಆರು ಚಕ್ರಗಳನ್ನು ಹಿಡಿದಿದ್ದದ್ದು ಸ್ಪ್ರಿಂಗ್ ಇಲ್ಲದ, ಒಂದಕ್ಕೊಂದು ತೂಗುವ ಸನ್ನೆಗಳ ಏರ್ಪಾಡು. ಒಂದು ಚಕ್ರ ಕಲ್ಲು ಹತ್ತಿದರೆ ಉಳಿದವು ನೆಲ ಬಿಡದಂತೆ ಅದು ನೋಡಿಕೊಳ್ಳುತ್ತದೆ. ಕೊಡಚಾದ್ರಿಯ ಜೀಪಿನ ಗಟ್ಟಿ ಅಚ್ಚು ಮಾಡುವ ಕೆಲಸದ ಇನ್ನೂ ನಯವಾದ ರೂಪ ಅದು. 2023ರ ಆಗಸ್ಟ್ 27ರಂದು ಪ್ರಗ್ಯಾನ್ ಮುಂದೆ ಮೂರು ಮೀಟರ್ ದೂರದಲ್ಲಿ ನಾಲ್ಕು ಮೀಟರ್ ವ್ಯಾಸದ ಕುಳಿಯೊಂದು ಕಂಡಿತು. ಅಷ್ಟು ದೂರ ಕಳುಹಿಸಿದ ಗಾಡಿ ಅಲ್ಲಿ ಸಿಕ್ಕಿಕೊಂಡರೆ ತಳ್ಳಿ ಎಬ್ಬಿಸಲು ಯಾರೂ ಇರಲಿಲ್ಲ. ಇಸ್ರೋದವರು ಕುಳಿಯ ಚಿತ್ರ ನೋಡಿದರು, ಬಂದ ದಾರಿಯಲ್ಲೇ ಹಿಂದಿರುಗಲು ಆದೇಶ ಕಳುಹಿಸಿದರು. ರೋವರ್ ತಿರುಗಿ ಬೇರೆ ದಾರಿ ಹಿಡಿಯಿತು. ಕೊಡಚಾದ್ರಿಯ ಚಾಲಕರು ಮಳೆಯಲ್ಲಿ ಕೊಚ್ಚಿಹೋದ ತಿರುವಿನ ಮುಂದೆ ಜೀಪು ನಿಲ್ಲಿಸಿ, ಇಳಿದು, ಬಗ್ಗಿ ನೋಡಿ, ಕೆಲವೊಮ್ಮೆ ಹಿಂದಕ್ಕೆ ತಿರುಗಿಸುವುದೂ ಇದೇ ತಿಳಿವಳಿಕೆಯಿಂದ.